ಬಿಳಿ ಕಳ್ಳಿಗೆ ಮೂರು ಚೊಂಬು ನೀರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕಥೆ ಹೇಳಲು ಬರುವುದಿಲ್ಲ. ಇದನ್ನು ಹೇಳುತ್ತಿದ್ದವಳು ನಮ್ಮ ದೊಡ್ಡಮ್ಮ. ಅವಳು ಬಾಯಿ ತೆರೆದರೆ ಅವರೆಕಾಯಿ ಸುಲಿಯುವ ಕೈಗಳು ನಿಂತುಬಿಡುತ್ತಿದ್ದವು. ನಾನು ಹೇಳುವಾಗ ನೀವು ಸುಲಿಯುತ್ತಲೇ ಇರಿ, ಕೆಲಸವಾದರೂ ಸಾಗಲಿ. ಎಲ್ಲಾದರೂ ತಪ್ಪಿದರೆ, ಹಿಂದುಮುಂದಾದರೆ, ಮನ್ನಿಸಿ. ಮನ್ನಿಸಿ ಅಂದರೆ ಬೇರೇನಲ್ಲ, ಮಧ್ಯದಲ್ಲಿ ಎದ್ದು ಹೋಗಬೇಡಿ ಅಂತ.

ಈಗಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ನೀಲಕ್ಕ ಚೊಂಬು ಹಿಡಿದು ಆ ಮೂಲೆಯ ಕುಂಡದ ಹತ್ತಿರ ಹೋದಳಲ್ಲ, ಅದಕ್ಕೆ. ಗಿಡ ಬಿಳಚಿಕೊಂಡಿದೆ, ಪಾಪ, ನೀರು ಹಾಕೋಣ ಅಂದುಕೊಂಡಳು. ನೀಲಕ್ಕ, ನಿನ್ನ ಮೇಲೆ ಕೋಪವಿಲ್ಲ. ಚೊಂಬು ಕೆಳಗಿಡು, ಕೂತುಕೋ. ಕಥೆ ಕೇಳಿದ ಮೇಲೂ ಹಾಕಬೇಕು ಅನ್ನಿಸಿದರೆ ಆಮೇಲೆ ಮಾತಾಡೋಣ.

ಯಾವ ಸೀಮೆಯೋ, ಯಾವ ಕಾಲವೋ. ಹೆಸರು ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ, ಅದಕ್ಕೆ ಹೆಸರು ಬೇಡ. ಹೊಳೆಯ ದಂಡೆಯ ಮೇಲೆ ಒಂದು ಊರು. ಹಿತ್ತಲಲ್ಲಿ ನೀರು, ಅಂಗಳದಲ್ಲಿ ನೀರು, ಬಾವಿಗೆ ಬಗ್ಗಿದರೆ ಕೈಗೆ ಸಿಗುವ ನೀರು. ಅಂಥ ಊರಿನವರು ಪ್ರೀತಿಯನ್ನು ಹೇಗೆ ತೋರಿಸುತ್ತಾರೆ? ನೀರಿನಲ್ಲೇ ತೋರಿಸುತ್ತಾರೆ. ಬಂದವರ ಕಾಲಿಗೆ ನೀರು, ಕೈಗೆ ನೀರು, ಬಾಯಿಗೆ ನೀರು.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಪದ್ಧತಿ ಗೊತ್ತಿಲ್ಲದೆ ಕಥೆ ಅರ್ಥವಾಗುವುದಿಲ್ಲ, ಸ್ವಲ್ಪ ತಾಳಿ. ಮದುವೆಯಾಗಿ ಬರುವ ಹೆಣ್ಣು ತವರಿನಿಂದ ಒಂದು ಗಿಡ ತರಬೇಕು. ಕುಂಡದಲ್ಲಿಟ್ಟು ಮಡಿಲಲ್ಲಿ ಹೊತ್ತು ತರಬೇಕು. ಅದಕ್ಕೆ ಮಡಿಲ ಗಿಡ ಅನ್ನುತ್ತಿದ್ದರು. ಒಬ್ಬಳು ತುಳಸಿ ತಂದಳು, ಒಬ್ಬಳು ದಾಸವಾಳ ತಂದಳು, ಒಬ್ಬಳು ಕರಿಬೇವು ತಂದಳು. ಅಂಗಳದಲ್ಲಿಟ್ಟ ಆ ಗಿಡಕ್ಕೆ ದಿನಾ ಬೆಳಿಗ್ಗೆ ಮನೆಯ ಹೆಂಗಸರೆಲ್ಲ ಒಂದೊಂದು ಚೊಂಬು ನೀರು ಹಾಕಬೇಕು. ಅದರ ಹೆಸರು ಒಪ್ಪಿಗೆ ನೀರು. ನೀನು ನಮ್ಮವಳು ಅಂತ ಅವರು ಬಾಯಲ್ಲಿ ಹೇಳುವುದಿಲ್ಲ, ಚೊಂಬಿನಲ್ಲಿ ಹೇಳುತ್ತಾರೆ.

ಯುಗಾದಿಯಿಂದ ಯುಗಾದಿಗೆ ಗಿಡ ಉಳಿದರೆ ಸೊಸೆ ಉಳಿದಳು. ಗಿಡ ಸತ್ತರೆ? ಖಾಲಿ ಕುಂಡವನ್ನು ಅವಳ ಮಡಿಲಿಗಿಟ್ಟು ತವರಿಗೆ ಕಳಿಸುವುದು. ಬೈಯುವುದಿಲ್ಲ, ಹೊಡೆಯುವುದಿಲ್ಲ. ಅಳುತ್ತಲೇ ಕಳಿಸುತ್ತಿದ್ದರು. ಆ ಊರಿನವರು ಕೆಟ್ಟವರಲ್ಲ, ಅದನ್ನು ಮಾತ್ರ ಮರೆಯಬೇಡಿ. ಕೆಟ್ಟವರಾಗಿದ್ದರೆ ಕಥೆ ಸುಲಭವಾಗುತ್ತಿತ್ತು, ನಾನೂ ಬೇಗ ಮುಗಿಸುತ್ತಿದ್ದೆ.

ಇನ್ನೂ ಒಂದು ಪದ್ಧತಿ ಇದೆ. ಇದು ಚಿಕ್ಕದು. ಆ ಊರಲ್ಲಿ ಬಡಿಸುವಾಗ ಉಣ್ಣುವವರು ಸಾಕು ಅಂದರೆ ನಂಬುವುದಿಲ್ಲ. ಮೊದಲ ಸಾಕು ಸಂಕೋಚದ್ದು. ಎರಡನೆಯ ಸಾಕು ಮರ್ಯಾದೆಯದು. ಎರಡಕ್ಕೂ ಇನ್ನೊಂದಿಷ್ಟು ಬಡಿಸಬೇಕು. ಮೂರನೆಯ ಸಾಕು ಮಾತ್ರ ಬೇರೆ. ಮೂರನೆಯ ಸಲ ಸಾಕು ಅಂದರೆ ನಿಮ್ಮ ಮನೆಯ ಊಟ ನನಗೆ ಬೇಡ ಅಂದ ಹಾಗೆ.

ಅಂಥ ಊರಿಗೆ ಹೊನ್ನಾಜಿ ಅನ್ನುವ ಹೆಣ್ಣು ಸೊಸೆಯಾಗಿ ಬಂದಳು. ಅವಳ ತವರು ದೂರದ ಕಲ್ಲುನಾಡು. ಕೊಡ ನೀರಿಗೆ ಅರ್ಧ ದಿನ ನಡೆಯುವ ನಾಡು. ತಂದೆಯಿಲ್ಲ, ತಾಯಿಯಿಲ್ಲ, ಸಾಕಿದವಳು ಅಜ್ಜಿ. ಅಜ್ಜಿಯ ಕಿಟಕಿಯಲ್ಲಿ ಒಂದು ಕುಂಡ, ಕುಂಡದಲ್ಲಿ ಒಂದು ಬಿಳಿ ಕಳ್ಳಿ.

ಕಳ್ಳಿ ಅಂದರೆ ನಿಮಗೆ ಬೇಲಿಯ ಕಳ್ಳಿ ನೆನಪಾಗುತ್ತದೆ. ಹಸಿರು ಮೈ, ಮುಳ್ಳು, ಮುರಿದರೆ ಹಾಲು. ಇದಕ್ಕೂ ಮುಳ್ಳಿದೆ, ಇದರಲ್ಲೂ ಹಾಲಿದೆ. ಆದರೆ ಮೈ ಸುಣ್ಣದ ಬಿಳುಪು. ಎಲೆಯಿಲ್ಲ. ಏಣು ಏಣಾದ ಕಾಂಡ, ಕೈಯೆತ್ತಿ ನಿಂತವರ ಹಾಗೆ. ಹೊಸ ಚಿಗುರು ಬಂದಾಗ ಮಾತ್ರ ಅಂಚಿನಲ್ಲಿ ತೆಳುವಾದ ಗುಲಾಬಿ ಬಣ್ಣ, ಎಳೆ ಮಗುವಿನ ಕಿವಿಯ ಹಾಗೆ. ಆ ಮೂಲೆಯಲ್ಲಿ ಇರುವುದೂ ಅದೇ ಜಾತಿ, ನೋಡಿಕೊಳ್ಳಿ. ಮೈಯಲ್ಲಿ ಹಸಿರು ಕಡಿಮೆ ಇರುವ ಗಿಡ ನೋಡಿ, ಅದಕ್ಕೆ ಅದರ ಊಟ ನಿಧಾನ, ಬೆಳವಣಿಗೆ ನಿಧಾನ. ಮೇಲಿಂದ ಮೇಲೆ ನೀರು ಹಾಕಿದರೆ ಕುಡಿಯಲಾರದು. ಬೇರು ನೀರಲ್ಲೇ ನಿಂತು ಕೊಳೆಯುತ್ತದೆ.

ಮದುವೆಯ ದಿನ ಅಜ್ಜಿ ಆ ಕುಂಡವನ್ನೇ ಮೊಮ್ಮಗಳ ಮಡಿಲಿಗಿಟ್ಟಳು. ಮರಳು, ಇಟ್ಟಿಗೆ ಚೂರು ಬೆರೆಸಿದ ಮಣ್ಣು ಕೊಡು ಅಂದಳು. ಬೆಳಕು ಕೊಡು, ನಡುಹಗಲಿನ ಬಿಸಿಲು ಕೊಡಬೇಡ ಅಂದಳು. ಕೊನೆಗೆ ಅಂದಳು: "ಮಣ್ಣಿಗೆ ಬೆರಳಿಳಿಸಿ ನೋಡು ಮಗಾ. ಒಣಗಿದ್ದರೆ ನೀರು ಕೊಡು. ತೇವ ಇದ್ದರೆ ಬರೀ ಮಾತಾಡಿಸಿ ಬಾ."

ಮೊಮ್ಮಗಳು ಹೋದ ತಿಂಗಳೊಳಗೆ ಅಜ್ಜಿ ತೀರಿಕೊಂಡಳು. ಮನೆಗೆ ಬೀಗ ಬಿತ್ತು. ಇದನ್ನು ಗಟ್ಟಿಯಾಗಿ ನೆನಪಿಡಿ. ಗಿಡ ಸತ್ತರೆ ಹೊನ್ನಾಜಿ ತವರಿಗೆ ಹೋಗಬೇಕು. ಅವಳ ತವರು ಅಂದರೆ ಈಗ ಒಂದು ಬೀಗ.

ಗಂಡನ ಮನೆಯಲ್ಲಿ ಯಾರು ಯಾರಿದ್ದರು? ಗಂಡ ಚಿಕ್ಕೀರ. ಅತ್ತೆ ಮಂಚವ್ವ. ಓರಗಿತ್ತಿ ಕೆಂಪಾಜಿ, ಅಂದರೆ ಚಿಕ್ಕೀರನ ಅಣ್ಣನ ಹೆಂಡತಿ. ನಾದಿನಿ ಸೋಬಿ, ಚಿಕ್ಕೀರನ ತಂಗಿ. ಹೆಂಗಸರು ಮೂವರು, ಚೊಂಬು ಮೂರು.

ಮೊದಲ ಬೆಳಿಗ್ಗೆ ಮೂವರೂ ಸ್ನಾನ ಮಾಡಿ ಬಂದರು. ಮಂಚವ್ವ ಕುಂಡದ ಮುಂದೆ ಕೂತು ಗಿಡವನ್ನು ನೋಡಿದಳು. ನೋಡಿ ಅವಳ ಕಣ್ಣಲ್ಲಿ ನೀರು ಬಂತು.

"ಅಯ್ಯೋ ಮಗಳೇ, ಇದಕ್ಕೆ ಮೈಯಲ್ಲಿ ರಕ್ತವೇ ಇಲ್ಲವಲ್ಲೇ. ನಿಮ್ಮೂರಲ್ಲಿ ಇದಕ್ಕೆ ಏನೂ ಕೊಡಲಿಲ್ಲವಾ? ಇರು, ನಮ್ಮ ಹೊಳೆ ನೀರು ಕುಡಿದರೆ ತಾನೇ ಬಣ್ಣ ಬರುತ್ತೆ."

ತುಂಬಿದ ಚೊಂಬು ಹಾಕಿದಳು. ಹೊನ್ನಾಜಿ ಸಾಕು ಅತ್ತೆವ್ವ ಅಂದಳು. ಅತ್ತೆ ನಕ್ಕು, ಸಂಕೋಚದ ಹುಡುಗಿ ಅಂತ ಇನ್ನರ್ಧ ಚೊಂಬು ಹಾಕಿದಳು. ಆಮೇಲೆ ಕೆಂಪಾಜಿ ಹಾಕಿದಳು. ಹೊನ್ನಾಜಿ ಸಾಕು ಅಕ್ಕ ಅಂದಳು. ಅತ್ತೆಯ ನೀರು ಹಿಡಿಸಿತು, ನನ್ನದು ಹಿಡಿಸಲಿಲ್ಲವಾ ಅಂತ ಕೆಂಪಾಜಿ ತಮಾಷೆ ಮಾಡಿ ಇನ್ನರ್ಧ ಚೊಂಬು ಹಾಕಿದಳು. ಆಮೇಲೆ ಸೋಬಿ ಬಂದಳು. ಹೊನ್ನಾಜಿ ಈ ಸಲ ಕುಂಡದ ಮೇಲೆ ಕೈ ಅಡ್ಡ ಹಿಡಿದು ಸಾಕು ಅಂದಳು.

ಸೋಬಿ ಚೊಂಬನ್ನು ನೆಲಕ್ಕಿಟ್ಟಳು.

"ಅತ್ತಿಗೆ, ಮೂರು ಸಲ ಅಂದಿರಿ. ಗೊತ್ತಿಲ್ಲದೆ ಅಂದಿರಿ ಅಂತ ನಾನು ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ಸಲ ಅಂದರೆ ಪಕ್ಕದ ಮನೆಯವರು ಕೇಳಿಸಿಕೊಳ್ಳುತ್ತಾರೆ."

ಹೀಗಂದು ಚೊಂಬು ಎತ್ತಿ ಪೂರ್ತಿ ಸುರಿದಳು. ಹೊನ್ನಾಜಿ ಕೈ ತೆಗೆದಳು. ಆಮೇಲೆ ಆ ಮನೆಯಲ್ಲಿ ಅವಳು ಸಾಕು ಅನ್ನಲಿಲ್ಲ. ಅನ್ನುವ ಹಾಗಿರಲಿಲ್ಲ. ನೀವೇ ಹೇಳಿ, ಅವಳ ಜಾಗದಲ್ಲಿ ನೀವಿದ್ದರೆ ಅನ್ನುತ್ತಿದ್ದಿರಾ?

ಸುಮ್ಮನೆ ಕೂರಲಿಲ್ಲ ಪಾಪ. ಮೂರು ಉಪಾಯ ಮಾಡಿದಳು.

ಮೊದಲು, ಕುಂಡವನ್ನು ಎತ್ತಿ ಸೂರಿನ ಕೆಳಗೆ, ಎತ್ತರದ ಗೋಡೆಯ ಮೇಲಿಟ್ಟಳು. ಬೆಳಕು ಸಿಗಲಿ, ಕೈಗೆ ಸಿಗದಿರಲಿ ಅಂತ. ಸಂಜೆ ಕೆಂಪಾಜಿ ನೋಡಿದಳು. ಮಡಿಲ ಗಿಡ ಒಂಟಿಯಾಗಿ ಗೋಡೆಯ ಮೇಲೆ ಕೂತಿದೆ ಅಂತ ಸಂಕಟಪಟ್ಟು, ಇಳಿಸಿ ತಂದು ಬಚ್ಚಲ ಪಕ್ಕದಲ್ಲಿಟ್ಟಳು. ಅಲ್ಲಿ ಸದಾ ತಂಪು, ಅದಕ್ಕೆ ಹಿತವಾಗಿರುತ್ತೆ ಅಂದಳು.

ಎರಡನೆಯದು, ಕುಂಡದ ಅಡಿಯ ತೂತನ್ನು ಮೊಳೆಯಿಂದ ದೊಡ್ಡದು ಮಾಡಿದಳು. ಕುಂಡಕ್ಕೆ ತೂತು ಯಾಕೆ ಬೇಕು ಅಂತ ಕೇಳುತ್ತೀರಿ. ಹೆಚ್ಚಾದ ನೀರು ಹರಿದುಹೋಗಲಿ ಅಂತ. ಈ ಗಿಡಕ್ಕೆ ಅದಿಲ್ಲದಿದ್ದರೆ ಬದುಕಿಲ್ಲ. ಮರುದಿನ ಸೋಬಿ ನೀರು ಹಾಕುತ್ತಿದ್ದ ಹಾಗೆ ಕೆಳಗಿಂದ ಸುರಿದುಹೋಯಿತು. ಅತ್ತಿಗೆಯ ಕುಂಡ ತೂತಾಗಿದೆ, ನಮ್ಮ ಒಪ್ಪಿಗೆಯೆಲ್ಲ ಮಣ್ಣುಪಾಲಾಗುತ್ತಿದೆ ಅಂತ ಅವಳು ಓಡಿಹೋಗಿ ಜೇಡಿಮಣ್ಣು ತಂದಳು. ಬೆರಳಲ್ಲಿ ಒತ್ತಿ ಒತ್ತಿ ತೂತು ಮುಚ್ಚಿದಳು. ಮುಚ್ಚಿದ ಮೇಲೆ, ಎಷ್ಟು ಚೆನ್ನಾಗಿ ಮುಚ್ಚಿದ್ದೇನೆ ನೋಡಿ ಅಂತ ಕುಂಡವನ್ನು ಎತ್ತಿ ತೋರಿಸಿದಳು. ಹೊನ್ನಾಜಿ ಚೆನ್ನಾಗಿದೆ ಅನ್ನಬೇಕಾಯಿತು.

ಮೂರನೆಯದು, ಗಂಡನಿಗೆ ಹೇಳಿದಳು. ಚಿಕ್ಕೀರ ಒಳ್ಳೆಯವನು. ಅವಳ ಮಾತನ್ನು ಕೊನೆಯ ತನಕ ಕೇಳಿದ. ಕೇಳಿ ಅವಳ ಬೆನ್ನು ಸವರಿದ. "ಅವರು ಪ್ರೀತಿಯಿಂದ ಹಾಕುತ್ತಾರೆ ಕಣೇ. ಪ್ರೀತಿಯಿಂದ ಹಾಕಿದ ನೀರು ಯಾವ ಗಿಡವನ್ನು ಕೊಂದಿದೆ ಹೇಳು?" ಅಂದ. ಅಷ್ಟು ಹೇಳಿ ಗದ್ದೆಗೆ ಹೋದ.

ಹೂಂ, ಬಂದೆ. ಒಳಗಿಂದ ಮಗಳು ಕರೆಯುತ್ತಿದ್ದಾಳೆ. ಒಂದು ನಿಮಿಷ ಅಂತ ಹೇಳಿ ಯಾರಾದರೂ. ಎಲ್ಲಿದ್ದೆ? ಹಾಂ, ಚಿಕ್ಕೀರ ಗದ್ದೆಗೆ ಹೋದ.

ಮಳೆಗಾಲ ಬಂತು. ಮೇಲಿಂದಲೂ ನೀರು, ಚೊಂಬಿನಿಂದಲೂ ನೀರು. ಒಂದು ದಿನ ಹೊನ್ನಾಜಿ ಗಿಡದ ಬುಡ ಮುಟ್ಟಿದರೆ ಬೆರಳು ಒಳಗೆ ಹೋಯಿತು. ಹಳದಿಯಾಗಿ, ಕಳಿತ ಬಾಳೆಹಣ್ಣಿನ ಹಾಗೆ ಮೆತ್ತಗಾಗಿತ್ತು. ಕೊಳೆ ಮೇಲಕ್ಕೆ ಹತ್ತುತ್ತಿತ್ತು. ತುದಿಯಲ್ಲಿ ಮಾತ್ರ ಗೇಣುದ್ದ ಬಿಳಿ ಮೈ ಗಟ್ಟಿಯಾಗಿತ್ತು.

ಇಂಥ ಹೊತ್ತಿನಲ್ಲಿ ಇರುವುದು ಒಂದೇ ದಾರಿ. ಚೆನ್ನಾಗಿರುವ ತುದಿಯನ್ನು ಕತ್ತರಿಸಬೇಕು. ಕೈಗೆ ಬಟ್ಟೆ ಸುತ್ತಿಕೊಂಡು ಕತ್ತರಿಸಬೇಕು, ಯಾಕೆಂದರೆ ಅದರ ಹಾಲು ಮೈಗೆ ತಾಗಿದರೆ ಉರಿ, ಕಣ್ಣಿಗೆ ಬಿದ್ದರೆ ಕಣ್ಣಿಗೇ ಕುತ್ತು. ಕತ್ತರಿಸಿದ್ದನ್ನು ಕೂಡಲೇ ನೆಡಬಾರದು. ನೆರಳಲ್ಲಿ, ಗಾಳಿಯಾಡುವ ಕಡೆ, ಮಣ್ಣಿಲ್ಲದೆ ನೀರಿಲ್ಲದೆ ಸುಮ್ಮನೆ ಮಲಗಿಸಬೇಕು. ಗಾಯ ಮಾಗಿ ಮೇಲೆ ಪೊರೆ ಕಟ್ಟಬೇಕು. ಆಮೇಲೆ ಒಣ ಮರಳಲ್ಲಿ ನಿಲ್ಲಿಸಬೇಕು. ಹೊನ್ನಾಜಿಗೆ ಇದು ಅಜ್ಜಿಯಿಂದ ಗೊತ್ತಿತ್ತು. ಕುಡುಗೋಲು ತಂದಳು, ಕತ್ತರಿಸಿದಳು, ತುಂಡನ್ನು ಅಟ್ಟದ ಮೇಲೆ ಮಲಗಿಸಿದಳು.

ಬೆಳಿಗ್ಗೆ ಮೂವರೂ ಚೊಂಬು ಹಿಡಿದು ಬಂದರು. ಕುಂಡದಲ್ಲಿ ಒಂದು ಕೊಳೆತ ಮೋಟು. ಪಕ್ಕದಲ್ಲಿ ಕುಡುಗೋಲು.

ಏನನ್ನಿಸಬೇಕು ಅವರಿಗೆ? ತವರಿನ ಗಿಡದ ಕತ್ತನ್ನು ತಾನೇ ಕೊಯ್ದ ಹೆಣ್ಣನ್ನು ಆ ಊರು ಕಂಡಿರಲಿಲ್ಲ. ಕೆಂಪಾಜಿ ಗೋಡೆ ಹಿಡಿದುಕೊಂಡಳು. ಸೋಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಹೊನ್ನಾಜಿ ಅತ್ತೆಯ ಕಾಲು ಹಿಡಿದಳು.

"ಕೊಂದಿಲ್ಲ ಅತ್ತೆವ್ವ. ಉಳಿಸಲಿಕ್ಕೆ ಕೊಯ್ದೆ. ಜೀವ ಅಟ್ಟದ ಮೇಲಿದೆ. ಅದಕ್ಕೆ ಸ್ವಲ್ಪ ದಿನ ಯಾರೂ ಏನೂ ಮಾಡದೆ ಇದ್ದರೆ ಸಾಕು."

ಮಂಚವ್ವ ದೊಡ್ಡ ಮನಸ್ಸಿನವಳು. ಊರಿನ ಬೇರೆ ಅತ್ತೆಯಾಗಿದ್ದರೆ ಆ ಕ್ಷಣವೇ ಕುಂಡ ತೊಳೆದು ಮಡಿಲಿಗೆ ಇಡುತ್ತಿದ್ದಳು. ಮಂಚವ್ವ ಹಾಗೆ ಮಾಡಲಿಲ್ಲ. ಅಮಾವಾಸ್ಯೆಯ ತನಕ ಕಾಯುತ್ತೇನೆ ಅಂದಳು. ಅಲ್ಲಿಯ ತನಕ ಯಾರೂ ಅಟ್ಟ ಹತ್ತಬಾರದು ಅಂತ ಅಪ್ಪಣೆ ಮಾಡಿದಳು. ಕಾಯುವಷ್ಟು ದಿನವೂ ಸೊಸೆಯನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಬಡಿಸಿದಳು.

ಅಮಾವಾಸ್ಯೆ ಬಂತು. ಎಲ್ಲರೂ ಅಟ್ಟ ಹತ್ತಿದರು. ಅಲ್ಲಿ ಏನಿತ್ತು? ಸುಕ್ಕುಗಟ್ಟಿದ, ಕುಗ್ಗಿದ, ಬೂದಿ ಬಣ್ಣಕ್ಕೆ ತಿರುಗಿದ ಒಂದು ತುಂಡು. ಒಣಗಿದ ಬೆರಳಿನ ಹಾಗೆ.

ಕೇಳಿ, ಇದನ್ನು ಬಿಡಿಸಿ ಹೇಳಬೇಕು. ಅದು ಸತ್ತಿರಲಿಲ್ಲ. ಕತ್ತರಿಸಿದ ಕಳ್ಳಿ ಹಾಗೇ ಕಾಣುತ್ತದೆ. ತನ್ನ ಮೈಯ ನೀರನ್ನೇ ಕುಡಿದುಕೊಂಡು ಗಾಯ ಮಾಗಿಸಿಕೊಳ್ಳುತ್ತದೆ. ಆದರೆ ಬರೀ ನೀರನ್ನೇ ಕಂಡವರ ಕಣ್ಣಿಗೆ ಸುಕ್ಕು ಅಂದರೆ ಸಾವು. ಇದು ಮಲಗಿದೆ, ಸತ್ತಿಲ್ಲ, ಈಗ ಮರಳಿಗೆ ಇಡುತ್ತೇನೆ ಅಂತ ಹೊನ್ನಾಜಿ ಮೂರು ಸಲ ಹೇಳಿದಳು. ಮೂರು ಸಲವೂ ಅತ್ತೆ ತಲೆ ಅಲ್ಲಾಡಿಸಿದಳು.

"ಅಷ್ಟು ದಿನ ಕೊಟ್ಟೆ ಮಗಳೇ. ಹೆಣ ತೋರಿಸಿ ಜೀವ ಅಂತೀಯಲ್ಲ."

ಖಾಲಿ ಕುಂಡ ಮಡಿಲಿಗೆ ಬಂತು. ಹೊನ್ನಾಜಿ ತುಂಡನ್ನಾದರೂ ಕೊಡಿ ಅಂದಳು. ಸತ್ತದ್ದನ್ನು ಹೆಣ್ಣಿನ ಜೊತೆ ಕಳಿಸಿದರೆ ಅವಳ ತವರಿಗೆ ಕೇಡು ಅಂತ ಅವಳ ಒಳ್ಳೆಯದಕ್ಕೇ ಕೊಡಲಿಲ್ಲ. ಸೋಬಿ ಅದನ್ನು ಹಿತ್ತಲ ಒಡೆದ ಹೆಂಚಿನ ರಾಶಿಗೆ ಎಸೆದಳು. ಚಿಕ್ಕೀರ ಊರಾಚೆಯ ತನಕ ಹೆಂಡತಿಯ ಹಿಂದೆ ನಡೆದ. ಹೊಳೆ ದಾಟುವ ಕಡೆ ನಿಂತ. ಅವಳು ದಾಟಿದಳು. ತಿರುಗಿ ನೋಡಿದಳಾ ಅಂತ ನಾವು ದೊಡ್ಡಮ್ಮನನ್ನು ಕೇಳುತ್ತಿದ್ದೆವು. ಕುಂಡ ಹೊತ್ತವಳಿಗೆ ಹೆಜ್ಜೆ ನೋಡಿಕೊಳ್ಳುವುದೇ ಕಷ್ಟ ಅನ್ನುತ್ತಿದ್ದಳು ದೊಡ್ಡಮ್ಮ.

ಮಳೆ ಹಿಂದಾಯಿತು, ಚಳಿ ಹಿಂದಾಯಿತು. ಮನೆಯ ಸೂರಿನ ಹೆಂಚು ಸರಿಪಡಿಸಬೇಕಿತ್ತು. ಮಂಚವ್ವ ಹಿತ್ತಲ ರಾಶಿಯಲ್ಲಿ ಗಟ್ಟಿ ಹೆಂಚು ಹುಡುಕಲು ಹೋದಳು. ಒಂದು ಹೆಂಚು ಎತ್ತಿದಳು, ಎರಡು ಎತ್ತಿದಳು, ಮೂರನೆಯದಕ್ಕೆ ಕೈ ಹಾಕಿದವಳು ಹಾಗೇ ಕೂತುಬಿಟ್ಟಳು.

ಹೆಂಚಿನ ಚೂರಿನ ನಡುವೆ ಬಿಳಿ ಕಳ್ಳಿ ನಿಂತಿತ್ತು. ಯಾರೂ ನೆಟ್ಟಿರಲಿಲ್ಲ. ಯಾರೂ ನೀರು ಹಾಕಿರಲಿಲ್ಲ. ಬಿದ್ದ ಮಳೆಯೂ ಚೂರಿನ ಸಂದಿಯಲ್ಲಿ ಇಳಿದುಹೋಗಿತ್ತು. ಬೇರು ಬಿಟ್ಟು, ಎರಡು ಹೊಸ ಕೈ ಎತ್ತಿ, ಅಂಚಿನಲ್ಲಿ ಗುಲಾಬಿ ಬಣ್ಣ ಹೊತ್ತು ನಿಂತಿತ್ತು.

ಅತ್ತೆ ಅತ್ತಳು, ಓರಗಿತ್ತಿ ಅತ್ತಳು, ನಾದಿನಿ ಅತ್ತಳು. ಯಾವ ಅಳುವೂ ಸುಳ್ಳಲ್ಲ. ಚಿಕ್ಕೀರ ಕಲ್ಲುನಾಡಿಗೆ ಓಡಿದ. ಅಜ್ಜಿಯ ಮನೆಯ ಬೀಗ ತುಕ್ಕು ಹಿಡಿದಿತ್ತು. ಹೊಸಿಲ ಮೇಲೆ ಖಾಲಿ ಕುಂಡ ಬೋರಲಾಗಿ ಕೂತಿತ್ತು. ಹೊನ್ನಾಜಿ ಬಂದಿದ್ದಳು, ಕುಂಡ ಇಟ್ಟಳು, ಹೋದಳು ಅಂದರು ನೆರೆಯವರು. ಎಲ್ಲಿಗೆ? ಅವರಿಗೂ ಗೊತ್ತಿಲ್ಲ, ದೊಡ್ಡಮ್ಮನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ. ಕಥೆಯಲ್ಲಿ ಅವಳು ಇನ್ನು ಬರುವುದಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಒಂದು ರೀತಿ. ಮುಗಿಯಲಿಲ್ಲ. ಊರಿನವರು ಸೇರಿದರು. ಇಷ್ಟು ದೊಡ್ಡ ತಪ್ಪಾಗಿದೆ, ಇದರಿಂದ ನಾವು ಕಲಿಯಬೇಕು ಅಂದರು. ಕಲಿತರು. ಏನು ಕಲಿತರು? ಮಡಿಲ ಗಿಡಕ್ಕೆ ನೀರೇ ವಿಷ ಅಂತ ಕಲಿತರು. ಇನ್ನು ಮೇಲೆ ಆ ಊರಲ್ಲಿ ಮಡಿಲ ಗಿಡಕ್ಕೆ ಒಂದು ತೊಟ್ಟು ನೀರೂ ಹಾಕಬಾರದು. ನೀರು ಹಾಕದೆ ಇರುವುದೇ ಒಪ್ಪಿಗೆ. ಹೊನ್ನಾಜಿಯ ಹೆಸರಲ್ಲಿ ಹಾಗಂತ ಕಟ್ಟುಮಾಡಿದರು.

ಎರಡನೆಯ ವರ್ಷ ಚಿಕ್ಕೀರನಿಗೆ ಇನ್ನೊಂದು ಮದುವೆ ಮಾಡಿದರು. ಹೊಸ ಸೊಸೆಯ ಹೆಸರು ಜವನಿ. ಕೆರೆಯ ಕೆಳಗಿನ ಊರಿನವಳು. ಅವಳ ಮಡಿಲಲ್ಲಿ ಮಲ್ಲಿಗೆ ಬಳ್ಳಿ.

ಮಲ್ಲಿಗೆ. ತಿಳಿಯಿತಲ್ಲ?

ಮೊದಲ ಬೆಳಿಗ್ಗೆ ಜವನಿ ಕುಂಡದ ಪಕ್ಕ ನಿಂತು ಕಾದಳು. ಚೊಂಬು ಹಿಡಿದು ಯಾರೂ ಬರಲಿಲ್ಲ. ಎರಡನೆಯ ಬೆಳಿಗ್ಗೆ ಕಾದಳು, ಬರಲಿಲ್ಲ. ಮೂರನೆಯ ಬೆಳಿಗ್ಗೆ ಬಾಯಿ ಬಿಟ್ಟು ಕೇಳಿದಳು, ಅತ್ತೆವ್ವ, ಗಿಡಕ್ಕೆ ನೀರು? ಮಂಚವ್ವ ಅವಳ ಎರಡೂ ಕೈ ಹಿಡಿದುಕೊಂಡಳು. ನೀರು ಹಾಕಿ ಹಾಕಿ ಒಂದು ಹೆಣ್ಣನ್ನು ಕಳಕೊಂಡಿದ್ದೇವೆ, ನಿನ್ನನ್ನು ಕಳಕೊಳ್ಳಲಾರೆವು ಅಂದಳು. ಜವನಿ ತಾನೇ ಹಾಕಲು ಹೋದಳು. ಸೋಬಿ ಚೊಂಬು ಕಸಿದುಕೊಂಡಳು. ಹಿಂದಿನ ಅತ್ತಿಗೆಯ ಕುಂಡಕ್ಕೆ ಜೇಡಿಮಣ್ಣು ಮೆತ್ತಿದ ಕೈ ಅದು, ಈ ಸಲ ತಪ್ಪು ಮಾಡಬಾರದು ಅಂತ ದಿನವಿಡೀ ಕುಂಡದ ಪಕ್ಕದಲ್ಲೇ ಕೂತು ಕಾವಲು ಕಾದಳು. ಜವನಿ ಅಕ್ಕಿ ತೊಳೆದ ನೀರನ್ನು ಸೆರಗಲ್ಲಿ ಅದ್ದಿ ತಂದು ಹಿಂಡಲು ನೋಡಿದಳು. ಕೆಂಪಾಜಿ ಪ್ರೀತಿಯಿಂದ ಸೆರಗು ಒಣಗಿಸಿಕೊಟ್ಟಳು.

ಎಲೆ ಸುರುಟಿತು. ಬಳ್ಳಿ ಸುಕ್ಕಾಯಿತು. ಆ ಮನೆಯವರಿಗೆ ಸಂತೋಷವಾಯಿತು. ಸುಕ್ಕು ಅಂದರೆ ಗಾಯ ಮಾಗುತ್ತಿದೆ, ಮಲಗಿದೆ, ಸತ್ತಿಲ್ಲ ಅಂತ ಅವರಿಗೆ ಈಗ ಗೊತ್ತಿತ್ತಲ್ಲ. ಮುಟ್ಟಿದರೆ ಪುಡಿಯಾಗುವ ತನಕ ಸಂತೋಷವಾಗಿಯೇ ಇದ್ದರು.

ಕುಂಡ ತೊಳೆದರು. ಜವನಿಯ ಮಡಿಲಿಗಿಟ್ಟರು. ಹೊಳೆಯ ತನಕ ಎಲ್ಲರೂ ಬಂದರು. ಜವನಿ ದಾಟಿಹೋಗುವುದನ್ನು ನೋಡುತ್ತ ಮಂಚವ್ವ ಎದೆ ಬಡಿದುಕೊಂಡು ಒಂದೇ ಮಾತು ಅಂದಳು:

"ಈ ಸಲ ನಾವು ಒಂದು ತೊಟ್ಟೂ ಹಾಕಲಿಲ್ಲವಲ್ಲ."

ಅವರ ಹೊಳೆ ಅವರ ಊರಲ್ಲಿ ಹರಿಯಲಿ, ನಮ್ಮ ಅವರೆಕಾಯಿ ನಮ್ಮ ಮೊರದಲ್ಲಿರಲಿ. ಮುಗಿಯಿತು.

ಮುಗಿಯಿತು ಅಂದೆ, ಆದರೆ ಒಂದು ಮಾತು ಬಿಡಿಸಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ದೊಡ್ಡಮ್ಮ ಇಲ್ಲಿಗೆ ನಿಲ್ಲಿಸಿ ಎದ್ದುಬಿಡುತ್ತಿದ್ದಳು, ನನಗೆ ಆ ಧೈರ್ಯವಿಲ್ಲ. ನೀರು ತಪ್ಪು ಅಂತ ಕಥೆ ಹೇಳುವುದಿಲ್ಲ. ನೀರು ಹಾಕದಿರುವುದು ತಪ್ಪು ಅಂತಲೂ ಅಲ್ಲ. ಇಬ್ಬರು ಹೆಣ್ಣುಮಕ್ಕಳು ಬಂದರು, ಇಬ್ಬರೂ ಗಿಡದ ಪಕ್ಕದಲ್ಲೇ ನಿಂತಿದ್ದರು, ಇಬ್ಬರಿಗೂ ಗೊತ್ತಿತ್ತು. ಆ ಮನೆಯವರು ಹೊನ್ನಾಜಿಯನ್ನು ಒಂದು ಸಲ...

ಹಾಂ, ಬಂದೆ ಕಣೇ. ಏನು? ನಲ್ಲಿಯಲ್ಲಿ ನೀರು ಬಂತಾ? ಯಾವಾಗಿಂದ ಕರೆಯುತ್ತಿದ್ದೀಯಾ? ಬಂದೆ, ಕೊಡ ಇಡು.

ನೀಲಕ್ಕ, ಆ ಚೊಂಬು ಅಲ್ಲೇ ಇರಲಿ, ಗಿಡಕ್ಕೆ ಹಾಕಬೇಡ. ಹಾಕಬೇಡ ಅಂದರೆ ಯಾವತ್ತೂ ಹಾಕಬಾರದು ಅಂತಲ್ಲ, ಅದನ್ನೇ ಹೇಳಲು ಹೊರಟಿದ್ದೆ, ಮೊದಲು ಮಣ್ಣಿಗೆ ಬೆರಳಿಳಿಸಿ...